ಸಾಲಿ ಬಿಡಿಸಿದವನ ಪಾಡು

ಮಕ್ಕಳಲ್ಲಿ ಓದಿನ ಹುಮ್ಮಸ್ಸು ಹುಟ್ಟಿಸುವುದು ಹೇಗೆ ಎಂದು ಹೇಳಿಕೊಡುವವರಿಗೆ ಈಗ ಕೊರತೆಯಿಲ್ಲ. ಮೊಬೈಲು ತೆರೆದರೆ ಸಾಕು, ಹಿಂದೆ ಪುಸ್ತಕದ ಕಪಾಟು, ಮುಂದೆ ನಗುಮುಖ ಇಟ್ಟುಕೊಂಡ ಯಾರೋ ಒಬ್ಬರು ಬಂದು, ಪ್ರತಿ ಮಗುವಿನೊಳಗೂ ಒಂದು ದೀಪವಿದೆ, ಅದನ್ನು ನೀವು ಹೊತ್ತಿಸಿದರಾಯಿತು ಎನ್ನುತ್ತಾರೆ. ಅಂಥ ವಿಡಿಯೋಗಳನ್ನು ನಾನು ಬಹಳ ನೋಡಿದೆ. ಒಂದೇ ಮನೆಯಲ್ಲಿ ಮೂರು ದೀಪಗಳಿದ್ದು, ಒಂದನ್ನು ಹೊತ್ತಿಸುವಷ್ಟರಲ್ಲಿ ಇನ್ನೊಂದು ಅದನ್ನು ಊದಿ ಆರಿಸಿ ನಗುತ್ತಿದ್ದರೆ ಏನು ಮಾಡಬೇಕು ಎಂದು ಯಾರೂ ಹೇಳಲಿಲ್ಲ. ಹೊತ್ತಿಸುವವನೇ ಎಣ್ಣೆ ತೀರಿ ಕುಳಿತಿದ್ದರೆ ಅವನಿಗೆ ಯಾರು ಗತಿ ಎಂಬುದನ್ನಂತೂ ಒಬ್ಬರೂ ಎತ್ತಲಿಲ್ಲ. ಕಳೆದ ಚಳಿಗಾಲದಲ್ಲಿ ನಾನು ನನ್ನ ಮೂವರು ಮಕ್ಕಳಿಗೆ ಮನೆಯಲ್ಲೇ ಶಾಲೆ ನಡೆಸಿದೆ. ಆ ದಣಿವು ಇನ್ನೂ ಮೈಯಿಂದ ಪೂರ್ತಿ ಇಳಿದಿಲ್ಲ. ಈಗಲೂ ಯಾರಾದರೂ ‘ಭಾಗಾಕಾರ’ ಎಂದರೆ ನನಗೆ ಹತ್ತಿರದ ಗೋಡೆಗೆ ಒರಗಬೇಕು ಎನಿಸುತ್ತದೆ.

ನನ್ನ ಕಸುಬು ಮದುವೆ ಆಲ್ಬಂ ಮಾಡುವುದು. ಫೋಟೋ ತೆಗೆಯುವವನು ನಾನಲ್ಲ. ಹಿರೇಕೆರೂರು, ಸವಣೂರು, ಹಾನಗಲ್ಲಿನ ಸ್ಟುಡಿಯೋದವರು ತೆಗೆದ ಫೋಟೋಗಳನ್ನು ನನಗೆ ಕಳಿಸುತ್ತಾರೆ. ನಾನು ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಅವನ್ನು ಪುಟಗಳಿಗೆ ಹೊಂದಿಸುತ್ತೇನೆ. ಗೋವಿನಜೋಳದ ಹೊಲದ ಬದುವಿನ ಮೇಲೆ ನಿಂತ ಗಂಡುಹೆಣ್ಣನ್ನು ಹಿಮದ ಬೆಟ್ಟದ ಮೇಲೆ ನಿಲ್ಲಿಸುವುದು, ಗುಂಪಿನ ಫೋಟೋದಲ್ಲಿ ಕಣ್ಣು ಮುಚ್ಚಿಕೊಂಡ ಬೀಗರಿಗೆ ಬೇರೆ ಫೋಟೋದಿಂದ ಕಣ್ಣು ತಂದು ಕೂಡಿಸುವುದು, ಇಂಥ ಕೆಲಸ. ದಿನವಿಡೀ ಮನೆಯಲ್ಲಿ ಇರುವವನಾದ್ದರಿಂದ ನನಗೆ ಕೆಲಸವೇ ಇಲ್ಲ ಎಂಬ ನಂಬಿಕೆ ನೆಂಟರಲ್ಲಿ ಗಟ್ಟಿಯಾಗಿ ಬೇರೂರಿದೆ. ಹೆಂಡತಿ ವಿಜಯಾ ಸರಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ, ನಮ್ಮ ಕಡೆಯ ಮಾತಿನಲ್ಲಿ ‘ಅಕ್ಕೋರು’. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸುವ ಅಕ್ಕೋರ ಸ್ವಂತ ಮಕ್ಕಳು ಶಾಲೆ ಬಿಟ್ಟು ಮನೆಯಲ್ಲಿ ಕುಳಿತರು, ಅವರಿಗೆ ಕಲಿಸಲು ನಿಂತವನು ಬೀಗರಿಗೆ ಕಣ್ಣು ಕೂಡಿಸುವವನು. ಇದು ಹೇಗಾಯಿತೆಂದು ಕೇಳಿದವರಿಗೆಲ್ಲ ನಾನು ಬೇರೆ ಬೇರೆ ಕಾರಣ ಹೇಳಿದ್ದೇನೆ. ನಿಜವಾದದ್ದು ನಮ್ಮ ನಡುವಿನ ಮಗನಿಂದ ಶುರುವಾಯಿತು.

ನಮ್ಮ ನಡುವಿನವನು ಸಂಗಮೇಶ, ಮನೆಯಲ್ಲಿ ಸಂಗೂ. ಅವನಿಗಿಂತ ದೊಡ್ಡವಳು ಸ್ನೇಹಾ ಆರನೆಯ ತರಗತಿ, ಸಣ್ಣವಳು ಪಲ್ಲವಿ ಒಂದನೆಯದು, ಇವನು ನಾಲ್ಕನೆಯದು. ಸಂಗೂನಿಗೆ ಓದು ತಡವಾಗಿ ಬರುತ್ತಿತ್ತು. ಗುರುತಿಲ್ಲದವರ ಮನೆಗೆ ಹೋದವನು ಹೊಸ್ತಿಲಲ್ಲೇ ನಿಂತುಬಿಡುವಂತೆ ಅವನು ಪ್ರತಿ ಪದದ ಮುಂದೆಯೂ ನಿಲ್ಲುತ್ತಿದ್ದ. ಒಳಗಿನವರು ಬಾ ಎಂದರೆ ಹೋಗುವವನು, ಇಲ್ಲವಾದರೆ ಅಲ್ಲೇ. ಆಗ ನಾವು ಹಿರೇಕೆರೂರಿನಲ್ಲಿದ್ದೆವು. ಅವನು ಹೋಗುತ್ತಿದ್ದ ಶಾಲೆಯಲ್ಲಿ ಒಬ್ಬ ಮಾಸ್ತರರು ಅವನನ್ನು ದಿನಾ ಎಬ್ಬಿಸಿ ನಿಲ್ಲಿಸಿ ಗಟ್ಟಿಯಾಗಿ ಓದಿಸುತ್ತಿದ್ದರಂತೆ, ಅವನು ತಡವರಿಸಿದಾಗ ತರಗತಿ ನಗುವುದನ್ನು ತಡೆಯುತ್ತಿರಲಿಲ್ಲವಂತೆ. ಇದನ್ನು ಅವನು ನಮಗೆ ಹೇಳಲಿಲ್ಲ. ದಿನಾ ಬೆಳಿಗ್ಗೆ ‘ಅಪ್ಪಾ, ಹೊಟ್ಟಿ ನೋಯಾಕತ್ತೇತಿ’ ಎಂದಷ್ಟೇ ಹೇಳುತ್ತಿದ್ದ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಹೊಟ್ಟೆ ಒತ್ತಿ ನೋಡಿ, ‘ಸೂಟಿ ಇದ್ದ ದಿನಾನೂ ನೋಯ್ತೈತೇನೋ?’ ಎಂದು ಕೇಳಿದರು. ರಜೆಯ ಮಾತು ಬಂದದ್ದೇ ಅವನು ಅಂಗಿ ಕೆಳಗೆ ಎಳೆದುಕೊಂಡ. ಡಾಕ್ಟರು ಅವನನ್ನು ಬಿಟ್ಟು ನನ್ನ ಮುಖ ನೋಡಿದರು.

ನನಗೆ ಸಿಟ್ಟು ಬರುವುದು ಅಪರೂಪ, ಬಂದಾಗ ಅದು ಬುದ್ಧಿಯನ್ನು ಜೊತೆಗೆ ಕರೆದುಕೊಂಡು ಬರುವುದಿಲ್ಲ. ನೇರ ಶಾಲೆಗೆ ಹೋಗಿ, ‘ನಾಳೆಯಿಂದ ನನ್ನ ಮಗಾ ಬರೂದಿಲ್ಲ, ನಾನ ಮನ್ಯಾಗ ಕಲಸ್ತೇನಿ’ ಎಂದು ಹೇಳಿ ಬಂದೆ. ಬರುವಾಗ ದಾರಿಯಲ್ಲಿ ಎದೆ ಒಂದಿಷ್ಟು ಮುಂದೆ ಬಂದಿತ್ತು. ಅದೇ ಹೊತ್ತಿಗೆ ವಿಜಯಾಗೆ ಶಿಗ್ಗಾಂವಿ ತಾಲೂಕಿಗೆ, ಗೊಟಗೋಡಿಯಿಂದ ಒಳಗಿನ ಒಂದು ಹಳ್ಳಿಗೆ ವರ್ಗವಾಯಿತು. ವರ್ಷದ ನಡುವೆ ಮನೆ ಕಿತ್ತು ಶಿಗ್ಗಾಂವಿಗೆ ಬಂದೆವು. ಜೂನ್ ತಿಂಗಳ ತನಕ ಸಂಗೂ ಮನೆಯಲ್ಲೇ ಓದಲಿ ಎಂದು ನಾನೇ ತೀರ್ಮಾನ ಕೊಟ್ಟೆ. ವಿಜಯಾ ಬಟ್ಟೆ ಮಡಚುತ್ತಿದ್ದಳು. ‘ಸಂಗೂ ಒಬ್ಬನ?’ ಎಂದಳು. ಹೌದು, ಒಬ್ಬನೇ, ಎಂದೆ. ಅವಳು ಇನ್ನೊಂದು ಸೀರೆ ಎತ್ತಿಕೊಂಡು ಮಡಚತೊಡಗಿದಳು. ವೃತ್ತಿಯಲ್ಲಿ ಇರುವವರು ಹೊರಗಿನವರ ಲೆಕ್ಕಾಚಾರ ಕೇಳಿಸಿಕೊಳ್ಳುವ ರೀತಿ ಅದು ಎಂದು ನನಗೆ ಆಮೇಲೆ ಹೊಳೆಯಿತು.

ಏಕೆಂದರೆ ಮರುದಿನ ಸ್ನೇಹಾ ಹೊಸ ಶಾಲೆಗೆ ಹೋಗಲು ಒಪ್ಪಲಿಲ್ಲ. ‘ಅಂವಾ ಮನ್ಯಾಗ ಕುಂದರ್ತಾನ, ನಾ ಯಾಕ ಗುರ್ತಿಲ್ಲದ ಹುಡುಗ್ಯಾರ ನಡುವ ಹೋಗಿ ಕುಂದರ್ಲಿ?’ ಎಂದಳು. ನಾನು ಸಂಗೂನ ವಿಷಯ ಬೇರೆ ಎಂದೆ. ‘ಬ್ಯಾರೆ ಅಂದ್ರ ಹೆಂಗ ಬ್ಯಾರೆ? ಅವಗ ನೀ ಕಲಸ್ತಿ, ನಂಗ ಮಂದಿ ಕಲಸ್ತಾರ, ಅಷ್ಟ ಹೌದಲ್ಲ?’ ಎಂದು ಅವಳು ಕಣ್ಣಲ್ಲಿ ನೀರು ತಂದುಕೊಂಡಳು. ಪಲ್ಲವಿ ಕಾರಣ ಗೀರಣ ಏನೂ ಹೇಳದೆ ಬೂಟುಗಳನ್ನು ನೀರಿನ ಬಕೀಟಿನೊಳಗೆ ಹಾಕಿ ಬಂದಳು. ಹೀಗೆ ನನ್ನ ಶಾಲೆಯಲ್ಲಿ ಮೊದಲ ದಿನವೇ ಮೂರು ತರಗತಿಗಳು ಶುರುವಾದವು. ಮೂರಕ್ಕೂ ಕೋಣೆ ಒಂದೇ, ಅದು ಅಡುಗೆಮನೆಗೂ ನನ್ನ ಕಂಪ್ಯೂಟರಿಗೂ ನಡುವೆ ಇತ್ತು.

ಆರಂಭದ ದಿನಗಳು ಚೆನ್ನಾಗಿದ್ದವು. ಬೆಳಿಗ್ಗೆ ವಿಜಯಾ ಬುತ್ತಿ ಕಟ್ಟಿಕೊಂಡು ಬಸ್ಸಿಗೆ ಓಡುತ್ತಿದ್ದಳು. ಅವಳು ಹೋದ ಮೇಲೆ ನಾವು ಸಾಲಾಗಿ ನಿಂತು ಪ್ರಾರ್ಥನೆ ಹೇಳುತ್ತಿದ್ದೆವು. ಪಲ್ಲವಿ ಹಾಜರಿ ಕರೆಯಲೇಬೇಕೆಂದು ಹಟ ಹಿಡಿದಳು. ಕರೆದೆ. ಮೂವರೂ ಬಹಳ ಉತ್ಸಾಹದಿಂದ ‘ಹಾಜರ್ ಸರ್’ ಎಂದರು. ಪ್ರಾರ್ಥನೆ ಬೇಕು, ಹಾಜರಿ ಬೇಕು, ಮಧ್ಯಂತರದ ಗಂಟೆ ಬೇಕು, ಅದಕ್ಕೆ ತಾಟು ಬಡಿಯಲು ಸರದಿ ಬೇಕು. ಪಾಠ ಒಂದನ್ನು ಬಿಟ್ಟು ಶಾಲೆಯಲ್ಲಿರುವ ಎಲ್ಲವೂ ನನ್ನ ಮಕ್ಕಳಿಗೆ ಇಷ್ಟ ಎಂದು ನನಗೆ ತಿಳಿದದ್ದು ಆಗ. ಸ್ನೇಹಾಗೆ ಭಿನ್ನರಾಶಿ ಹೇಳಲು ಕುಳಿತರೆ ಪಲ್ಲವಿಯ ಪೆನ್ಸಿಲು ಮುರಿಯುತ್ತಿತ್ತು. ಅದನ್ನು ಹೆರೆದು ಕೊಡುವಷ್ಟರಲ್ಲಿ ಸಂಗೂ ಕಿಟಕಿಯ ಹತ್ತಿರ ಇರುತ್ತಿದ್ದ. ಅವನನ್ನು ಕರೆತಂದು ಕೂರಿಸುವಷ್ಟರಲ್ಲಿ ಸ್ನೇಹಾ ಭಿನ್ನರಾಶಿಯನ್ನು ಮರೆತು ತಲೆ ಬಾಚಿಕೊಳ್ಳುತ್ತಿದ್ದಳು. ಮದುವೆ ಮನೆಯಲ್ಲಿ ಒಂದು ಪಂಕ್ತಿಗೆ ಸಾರು ಬಡಿಸಿ ಮುಗಿಸುವಾಗ ಇನ್ನೊಂದು ಪಂಕ್ತಿಯವರು ಅನ್ನ ಎಂದು ಕೂಗುತ್ತಾರಲ್ಲ, ಹಾಗೆ. ಬಡಿಸುವವನು ಮಾತ್ರ ಒಬ್ಬನೇ.

ನಮ್ಮ ಮನೆ ಮಾಲೀಕರು ಮಕ್ತುಮ್‌ಸಾಬರು. ನಾವು ಮಹಡಿಯಲ್ಲಿ, ಕೆಳಗೆ ಅವರ ಗಾದಿ ಅಂಗಡಿ. ಹತ್ತಿ ತುಂಬುತ್ತ, ಹೊಲಿಯುತ್ತ ಅವರು ನಮ್ಮ ಶಾಲೆಯ ಸದ್ದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಹಾಲಿಗೆಂದು ಕೆಳಗಿಳಿದರೆ, ‘ಸರ, ನಿನ್ನೆ ಆ ಭೂಮಿ ತಿರಗೂದು ಅರ್ಧಕ್ಕ ನಿಂತಿತಲ್ರಿ, ಮುಂದ ಏನಾತು?’ ಎಂದು ವಿಚಾರಿಸುತ್ತಿದ್ದರು. ಭೂಮಿ ತಿರುಗುವಾಗ ಕುಕ್ಕರು ಸೀಟಿ ಹಾಕಿತ್ತು, ಎದ್ದು ಹೋಗಿದ್ದೆ, ಭೂಮಿ ಅಲ್ಲೇ ನಿಂತಿತ್ತು. ‘ನಾಳೆ ತಿರಗತೈತ್ರಿ’ ಎಂದೆ. ‘ಇರ್ಲಿ ಬಿಡ್ರಿ, ಅವಸರ ಏನೈತಿ’ ಎಂದು ಅವರು ಸೂಜಿಗೆ ದಾರ ಪೋಣಿಸಿದರು. ಆ ದಿನಗಳಲ್ಲಿ ನನ್ನ ಪಾಠದ ಬಗ್ಗೆ ನಿಜವಾದ ಕುತೂಹಲ ಇದ್ದದ್ದು ಅವರೊಬ್ಬರಿಗೆ ಎಂದು ಕಾಣುತ್ತದೆ.

ಉತ್ಸಾಹ ಇಳಿಯತೊಡಗಿದಾಗ ನಾನು ವಿಡಿಯೋಗಳ ಮೊರೆಹೋದೆ. ಒಬ್ಬರು ನಕ್ಷತ್ರ ಅಂಟಿಸಿ ಎಂದರು. ಚೆನ್ನಾಗಿ ಓದಿದವರ ಹೆಸರಿನ ಕೆಳಗೆ ಫ್ರಿಜ್ಜಿನ ಬಾಗಿಲ ಮೇಲೆ ಹೊಳೆಯುವ ನಕ್ಷತ್ರ. ಕೆಲವು ದಿನ ಫ್ರಿಜ್ಜು ಆಕಾಶದ ಹಾಗೆ ಮಿನುಗಿತು. ಆಮೇಲೆ ಸ್ನೇಹಾಳ ಹೆಸರಿನ ಕೆಳಗೆ ಅವಳು ಓದಿದ್ದಕ್ಕಿಂತ ಹೆಚ್ಚು ನಕ್ಷತ್ರಗಳು ಕಾಣಿಸತೊಡಗಿದವು. ವಿಚಾರಿಸಿದರೆ, ಅವಳು ತನ್ನ ಪಾಲಿನ ಕುರುಕಲು ತಿಂಡಿ ಸವಣೂರು ಖಾರಾ ಕೊಟ್ಟು ಪಲ್ಲವಿಯಿಂದ ಕೊಂಡಿದ್ದಳು. ಪಲ್ಲವಿಗೆ ನಕ್ಷತ್ರಕ್ಕಿಂತ ಖಾರಾ ಮೇಲು. ಇಬ್ಬರಿಗೂ ಲಾಭವಾಗಿತ್ತು, ಜಗಳವಿರಲಿಲ್ಲ, ಓದು ಮಾತ್ರ ಇರಲಿಲ್ಲ.

ಇನ್ನೊಬ್ಬರು, ಫಲಿತಾಂಶವನ್ನು ಹೊಗಳಬೇಡಿ, ಪ್ರಯತ್ನವನ್ನು ಹೊಗಳಿ ಎಂದರು. ಸರಿ, ಬೆಳಿಗ್ಗೆಯಿಂದ ಸಂಜೆಯ ತನಕ ನಾನು ‘ಉತ್ತಮ ಪ್ರಯತ್ನ, ಉತ್ತಮ ಪ್ರಯತ್ನ’ ಎನ್ನುತ್ತ ಓಡಾಡಿದೆ. ಒಂದು ದಿನ ಸ್ನೇಹಾ ಲೆಕ್ಕದಿಂದ ತಲೆಯೆತ್ತಿ, ‘ಅಪ್ಪಾ, ತಪ್ಪಾದಾಗ ಅಷ್ಟ ನೀ ಉತ್ತಮ ಪ್ರಯತ್ನ ಅಂತಿ. ನಮಗ ಗೊತ್ತಾಗೇತಿ’ ಎಂದಳು. ಆದರೂ ನಾಲಿಗೆಗೆ ಹತ್ತಿದ ಮಾತು ಬಿಡುವುದಿಲ್ಲ. ಅದೇ ವಾರ ಹಿರೇಕೆರೂರಿನ ಸ್ಟುಡಿಯೋದವರು ಫೋನ್ ಮಾಡಿದರು. ‘ಸರ, ತಾಳಿ ಕಟ್ಟೋ ಫೋಟೋದ ಕೆಳಗ ಉತ್ತಮ ಪ್ರಯತ್ನ ಅಂತ ಹಾಕೀರಿ. ಹುಡುಗಿ ಅಪ್ಪ ಇದರ ಅರ್ಥ ಏನಂತ ಕೇಳಾಕತ್ತಾನ’ ಎಂದರು. ಶುಭವಿವಾಹ ಎಂದು ಬರೆಯಬೇಕಾದ ಜಾಗದಲ್ಲಿ ನಾನು ನಿದ್ದೆಗಣ್ಣಲ್ಲಿ ಅದನ್ನು ಒತ್ತಿದ್ದೆ. ಕ್ಷಮೆ ಕೇಳಿ ಬದಲಾಯಿಸಿ ಕಳಿಸಿದೆ. ಬದಲಾಯಿಸುವಾಗ, ಮದುವೆಯಾಗಿ ಇಷ್ಟು ವರ್ಷ ಕಳೆದವನಾಗಿ ನನಗೆ ಮೊದಲಿನದೇ ಹೆಚ್ಚು ಹೊಂದುತ್ತದೆ ಎನಿಸಿದ್ದು ನಿಜ. ವಿಜಯಾಗೆ ಹೇಳಲಿಲ್ಲ.

ಇವೆಲ್ಲ ನಗುವ ಮಾತಾಯಿತು. ನಗದ ಮಾತು ಒಂದಿತ್ತು, ಅದನ್ನು ನಾನು ತಡವಾಗಿ ಗಮನಿಸಿದೆ. ನಾನು ಈ ಶಾಲೆ ತೆರೆದದ್ದೇ ಸಂಗೂನಿಗಾಗಿ. ಅವನು ಪುಸ್ತಕ ಬಿಡಿಸಿ ಬೆರಳಿಟ್ಟು ‘ಮ... ಳೆ... ಗಾ...’ ಎಂದು ಹೊರಡುತ್ತಿದ್ದ. ಅಷ್ಟರಲ್ಲಿ ಮೇಜಿನ ಕೆಳಗೆ ಗೊಂಬೆಗೆ ಅಂಗಿ ತೊಡಿಸುತ್ತಿದ್ದ ಪಲ್ಲವಿ ಅಲ್ಲಿಂದಲೇ ‘ಮಳೆಗಾಲ’ ಎಂದುಬಿಡುತ್ತಿದ್ದಳು. ಅವಳಿಗೆ ಯಾರೂ ಕಲಿಸಿರಲಿಲ್ಲ. ಅಕ್ಕನ ಪಾಠ, ಅಣ್ಣನ ಪಾಠ ಎರಡನ್ನೂ ಕೇಳಿಸಿಕೊಳ್ಳುತ್ತ ತಾನೇ ಕಲಿತಿದ್ದಳು. ಸ್ನೇಹಾಗೆ ತಾಳ್ಮೆ ಕಡಿಮೆ, ಅವಳು ಅವನ ಸಾಲನ್ನು ಪೂರ್ತಿ ಓದಿ ಮುಗಿಸಿ ‘ಇಷ್ಟ ಐತಿ, ತಿರುವು’ ಎನ್ನುತ್ತಿದ್ದಳು. ಇಬ್ಬರನ್ನೂ ಗದರಿದೆ. ಗದರಿದ ಮೇಲೆ ಇನ್ನೂ ಕೆಟ್ಟದಾಯಿತು, ಏಕೆಂದರೆ ಆಗ ಅವರಿಬ್ಬರೂ ನಾನೂ ಬಾಯಿ ಮುಚ್ಚಿಕೊಂಡು ಅವನ ಓದಿಗಾಗಿ ಕಾಯತೊಡಗಿದೆವು. ಹಿರೇಕೆರೂರಿನಲ್ಲಿ ತರಗತಿ ನಗುತ್ತಿತ್ತು, ಇಲ್ಲಿ ಮನೆ ಕಾಯುತ್ತಿತ್ತು. ಎರಡರಲ್ಲಿ ಯಾವುದು ಮೇಲು ಎಂದು ಅವನನ್ನು ಕೇಳಿದ್ದರೆ ಏನೆನ್ನುತ್ತಿದ್ದನೋ. ಒಂದು ಬೆಳಿಗ್ಗೆ ಹಾಜರಿ ಕರೆಯುವಾಗ ಅವನು ‘ಹಾಜರ್’ ಎನ್ನದೆ, ‘ಅಪ್ಪಾ, ಹೊಟ್ಟಿ ನೋಯಾಕತ್ತೇತಿ’ ಎಂದ.

ನಾನು ನೆಲದ ಮೇಲೆ ಕುಳಿತುಬಿಟ್ಟೆ. ಶಾಲೆಯಲ್ಲಿ ಹೊಟ್ಟೆ ನೋಯುವ ಹುಡುಗ ಮನೆಗೆ ಓಡಿಬರಬಹುದು. ಮನೆಯಲ್ಲೇ ನೋಯುವವನು ಎಲ್ಲಿಗೆ ಹೋಗಬೇಕು? ಅವನಿಗೆ ಇದ್ದ ಒಂದು ಜಾಗವನ್ನೂ ನಾನು ತರಗತಿ ಮಾಡಿಟ್ಟಿದ್ದೆ. ಸಂಜೆ ವಿಜಯಾಗೆ ಹೇಳಿದೆ. ಅವಳು ದಿನವಿಡೀ ಮಕ್ಕಳ ನಡುವೆ ನಿಂತು ಕಾಲು ಊದಿಸಿಕೊಂಡು ಬಂದಿದ್ದಳು. ಕಾಲಿಗೆ ಬಿಸಿನೀರು ಹಾಕಿಕೊಳ್ಳುತ್ತ, ‘ಒಂದೆರಡು ದಿನ ಏನೂ ಕಲಸಬ್ಯಾಡ್ರಿ. ಅವನ್ನ ಕರಕೊಂಡು ಎಲ್ಲಿಗಾರ ಹೋಗ್ರಿ’ ಎಂದಳು.

ಎಲ್ಲಿಗಾದರೂ ಎಂದರೆ ಸುಮ್ಮನೆ ಹೋಗಬೇಕಿತ್ತು. ನಾನು ಅದಕ್ಕೂ ಇತಿಹಾಸ ಎಂದು ಹೆಸರಿಟ್ಟೆ. ಹಾನಗಲ್ಲಿನಲ್ಲಿ ನನ್ನ ಅತ್ತೆಯ ಮನೆ. ಅಲ್ಲಿ ರೊಟ್ಟಿ ತಿಂದು, ಬುತ್ತಿ ಕಟ್ಟಿಸಿಕೊಂಡು, ಮತ್ತೊಂದು ಬಸ್ಸು ಹಿಡಿದು ಆಡೂರಿಗೆ ಹೋದೆವು, ಹಳೆಯ ಶಾಸನ ನೋಡಲು. ಅತ್ತೆ ಬಾಗಿಲಲ್ಲಿ ನಿಂತು, ‘ಮಕ್ಕಳನ್ನ ಸಾಲಿ ಬಿಡಿಸಿ ಕಲ್ಲು ನೋಡಾಕ ಕರಕೊಂಡು ಹೊಂಟಾನ’ ಎಂದು ಪಕ್ಕದ ಮನೆಯವರಿಗೆ ಹೇಳಿದ್ದು ನನಗೆ ಕೇಳಿಸಿತು. ಕೇಳಿಸಲೆಂದೇ ಹೇಳಿದ್ದರು. ಬಸ್ಸಿನಲ್ಲಿ ಸ್ನೇಹಾ ಮುಖ ಊದಿಸಿಕೊಂಡಿದ್ದಳು. ಅವಳಿಗೆ ಬೇಕಾದದ್ದು ಗೊಟಗೋಡಿಯ ರಾಕ್ ಗಾರ್ಡನ್. ಪಲ್ಲವಿ ನಿದ್ದೆ ಹೋದಳು. ನಾನು ಸಂಗೂನಿಗೆ ಚಾಲುಕ್ಯರ ಬಗ್ಗೆ ಹೇಳುತ್ತಿದ್ದೆ, ಅವನು ಕಿಟಕಿಯ ಹೊರಗೆ ಭತ್ತದ ಗದ್ದೆ ನೋಡುತ್ತಿದ್ದ.

ಕಲ್ಲಿನ ಮುಂದೆ ನಿಂತಾಗ ಹುಡುಗಿಯರು ಒಂದು ಗಳಿಗೆ ನೋಡಿ ಬುತ್ತಿ ಬಿಚ್ಚಲು ನೆರಳಿಗೆ ಹೋದರು. ಸಂಗೂ ನಿಂತ. ಸಾಲು ಸಾಲು ಅಕ್ಷರಗಳನ್ನು ಬಹಳ ಹೊತ್ತು ನೋಡಿ, ‘ಇದು ಕನ್ನಡಾನ?’ ಎಂದು ಕೇಳಿದ.

‘ಕನ್ನಡಾನ. ಹಳೇದು.’

‘ನಿನಗ ಓದಾಕ ಬರತೈತಿ?’

‘ಇಲ್ಲ.’

‘ಅಕ್ಕಗ?’

‘ಅಕ್ಕಗೂ ಬರೂದಿಲ್ಲ.’

‘ಪಲ್ಲಿಗೆ?’

‘ಪಲ್ಲಿಗಂತೂ ಬರೂದಿಲ್ಲ.’

ಅವನು ನಕ್ಕ. ಶಿಗ್ಗಾಂವಿಗೆ ಬಂದ ಮೇಲೆ ಅವನು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಕಲ್ಲಿನ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು, ಮುಟ್ಟದೆ, ಗಾಳಿಯಲ್ಲೇ ಬೆರಳಾಡಿಸುತ್ತ ಅಕ್ಷರಗಳನ್ನು ತಿದ್ದತೊಡಗಿದ. ‘ಇದು ನಮ್ಮ ರ ಇದ್ದಂಗ ಐತಿ. ಇದು ಗ ಆಗಬಹುದು’ ಎಂದು ತನಗೆ ತಾನೇ ಹೇಳಿಕೊಂಡ. ಅವನು ಹೇಳಿದ್ದು ಸರಿಯೋ ತಪ್ಪೋ ಹೇಳುವ ಶಕ್ತಿ ಅಲ್ಲಿದ್ದ ಯಾರಿಗೂ ಇರಲಿಲ್ಲ. ಅದೇ ಅವನಿಗೆ ಬೇಕಾಗಿತ್ತು ಎಂದು ಕಾಣುತ್ತದೆ. ನೆರಳಿನಿಂದ ಸ್ನೇಹಾ ಕರೆದಳು, ರೊಟ್ಟಿ ಆರುತ್ತಿದೆ ಎಂದಳು. ಅವನು ಏಳಲಿಲ್ಲ. ಹೊರಡುವ ಬಸ್ಸಿನ ಹೊತ್ತಾದಾಗ ಕೈ ಹಿಡಿದು ಎಬ್ಬಿಸಬೇಕಾಯಿತು.

ನಾನು ಬುದ್ಧಿವಂತನಾಗಿದ್ದರೆ ಆ ದಿನವನ್ನು ಹಾಗೇ ಬಿಡುತ್ತಿದ್ದೆ. ಆದರೆ ಮನೆಗೆ ಬರುವಷ್ಟರಲ್ಲಿ ನನ್ನ ತಲೆಯಲ್ಲಿ ಯೋಜನೆಗಳು ಎದ್ದಿದ್ದವು. ಕೊನೆಗೂ ದೀಪ ಹೊತ್ತಿತು, ಇನ್ನು ಎಣ್ಣೆ ಹೊಯ್ಯಬೇಕು. ಮರುದಿನ ಪ್ರಾರ್ಥನೆ ಮುಗಿಯುತ್ತಲೇ, ಆಡೂರಿನ ಬಗ್ಗೆ ಹತ್ತು ವಾಕ್ಯ ಬರೆಯಿರಿ, ಎಲ್ಲರ ಮುಂದೆ ನಿಂತು ಓದಿರಿ ಎಂದೆ. ಸ್ನೇಹಾ ಒಂದೇ ಉಸಿರಿಗೆ ಬರೆದು ಮುಗಿಸಿದಳು. ಪಲ್ಲವಿ ಚಿತ್ರ ಬಿಡಿಸಿ, ಅದರ ಕೆಳಗೆ ‘ಕಲ್ಲು’ ಎಂದು ತಪ್ಪಿಲ್ಲದೆ ಬರೆದಳು. ಸಂಗೂ ಒಂದು ಸಾಲು ಬರೆದು, ಅಳಿಸಿ, ಮತ್ತೆ ಬರೆದು, ಕಾಗದ ಹರಿಯುವ ತನಕ ಅಳಿಸಿದ. ನಾನು ಅವನ ಬೆನ್ನ ಹಿಂದೆ ನಿಂತು ‘ಉತ್ತಮ ಪ್ರಯತ್ನ’ ಎಂದೆ. ಅವನು ತಿರುಗಿ ನನ್ನನ್ನು ನೋಡಿದ. ಆ ನೋಟವನ್ನು ನಾನು ಇನ್ನೂ ಮರೆತಿಲ್ಲ. ಅದರಲ್ಲಿ ಸಿಟ್ಟಿರಲಿಲ್ಲ, ನೀನೂ ಅವರಂತೆಯೇ ಎಂಬ ತಿಳಿವಳಿಕೆ ಇತ್ತು.

ಅದರ ಮರುದಿನ ಬೆಳಿಗ್ಗೆ ಹಾಜರಿ ಕರೆದಾಗ ಸಂಗೂ ಇರಲಿಲ್ಲ. ಬಚ್ಚಲಲ್ಲಿಲ್ಲ, ತಾರಸಿಯ ಮೇಲಿಲ್ಲ. ಮೆಟ್ಟಿಲಿಳಿದು ಓಡಿದೆ. ಮಕ್ತುಮ್‌ಸಾಬರು ಗಾದಿಯ ಮೇಲೆ ಬಗ್ಗಿದ್ದವರು ತಲೆಯೆತ್ತಿ, ‘ಸಂಗೂನ್ನ ಹುಡಕಾಕತ್ತೀರೇನ್ರಿ? ಅಕ್ಕೋರ ಹಿಂದ ಬಸ್ಸಿಗೆ ಹೋದ್ನಲ್ರಿ. ಎಲ್ಲಿಗಪ್ಪಾ ಅಂದೆ. ಸಾಲಿಗಿ ಹೊಂಟೇನಿ ಅಂದ’ ಎಂದರು.

‘ಸಾಲಿಗ?’

‘ಹೌದ್ರಿ. ಖುಷೀಲೆ ಹೊಂಟಿದ್ದ.’

ಅಂಗಡಿಯ ಮುಂದೆ ಹಾಸಿದ್ದ ಹೊಸ ಗಾದಿಯ ಮೇಲೆ ಅವರು ಹೇಳದೆಯೇ ಕುಳಿತೆ. ನನ್ನ ಮಗ ಶಾಲೆಗೆ ಹೆದರಿ ಮನೆಗೆ ಬಂದವನು, ಈಗ ಮನೆಗೆ ಹೆದರಿ ಶಾಲೆಗೆ ಓಡಿದ್ದ. ವಿಜಯಾಗೆ ಫೋನ್ ಹಚ್ಚಿದೆ. ಬಸ್ಸಿನ ಗದ್ದಲದಲ್ಲಿ ಅವಳು, ‘ಬಸ್ ಬಿಟ್ಟ ಮ್ಯಾಲೆ ನೋಡಿದೆ, ಹಿಂದಿನ ಸೀಟಿನ್ಯಾಗ ಕುಂತಾನ. ಇರ್ಲಿ ಬಿಡ್ರಿ, ಸಂಜೀಕ ಕರಕೊಂಡು ಬರ್ತೇನಿ’ ಎಂದಳು. ಆ ದಿನ ನಾನು ಹುಡುಗಿಯರಿಗೆ ಏನು ಕಲಿಸಿದೆನೋ ನೆನಪಿಲ್ಲ. ಭೂಮಿ ಇನ್ನೊಂದು ದಿನ ನಿಂತಿರಬೇಕು.

ಸಂಜೆ ಅವನು ಅಂಗಿಯ ತುಂಬ ಕೆಂಪು ಮಣ್ಣು ಮಾಡಿಕೊಂಡು ಬಂದು, ಸಿಕ್ಕದ್ದನ್ನು ತಿಂದು, ಏನೂ ಹೇಳದೆ ಆಡಲು ಹೋದ. ಹೇಳಿದವಳು ವಿಜಯಾ. ಅವಳು ಒಂದು, ಎರಡು, ಮೂರನೆಯ ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಕಲಿಸುತ್ತಾಳೆ. ನಾಲ್ಕನೆಯದು ಹೆಡ್‌ಮಾಸ್ತರರ ಹತ್ತಿರ. ಸಂಗೂ ಅಲ್ಲಿಗೆ ಹೋಗಲು ಒಪ್ಪದೆ, ಅವಳ ಕೋಣೆಯ ಮೂಲೆಯಲ್ಲಿ ಕುಳಿತನಂತೆ. ಎಲ್ಲರ ಹಾಗೆ ಅವನೂ ಅವಳನ್ನು ‘ಅಕ್ಕೋರ’ ಎಂದು ಕರೆದನಂತೆ. ಮಧ್ಯಾಹ್ನದ ಮೇಲೆ ಒಂದನೆಯ ತರಗತಿಯ ಒಬ್ಬ ಪುಟ್ಟ ಹುಡುಗಿ ಪುಸ್ತಕ ತಂದು ಅವನ ತೊಡೆಯ ಮೇಲಿಟ್ಟು, ‘ಅಣ್ಣಾ, ಇದರಾಗ ಏನ ಬರದೈತಿ ಹೇಳು’ ಎಂದಿದ್ದಾಳೆ. ಅವನು ಸುತ್ತ ನೋಡಿದ್ದಾನೆ. ಎಲ್ಲರೂ ತಮ್ಮ ತಮ್ಮ ಗದ್ದಲದಲ್ಲಿದ್ದರು. ಬೆರಳಿಟ್ಟು ಶುರುಮಾಡಿದ್ದಾನೆ, ನಿಂತಿದ್ದಾನೆ, ಮತ್ತೆ ಹೊರಟಿದ್ದಾನೆ. ಹುಡುಗಿಗೆ ಎಲ್ಲಿಗೂ ಹೋಗುವ ಅವಸರವಿರಲಿಲ್ಲ. ಅವನು ನಿಂತಾಗ ಅವಳು ಚಿತ್ರ ನೋಡುತ್ತಿದ್ದಳಂತೆ.

‘ಪೂರಾ ಓದಿದ್ನೇನು?’ ಎಂದು ಕೇಳಿದೆ.

‘ಪೂರಾ ಓದಿದ. ತಪ್ಪು ಬಾಳ ಮಾಡಿದ. ಓದಿದ.’

‘ನೀ ಏನಂದಿ ಅವಗ?’

‘ನಾ ಬೋರ್ಡಿನ ಮ್ಯಾಲೆ ಬರಕೋತ ನಿಂತಿದ್ದೆ. ಬರಿಯೂದು ಮುಗದಿತ್ತು, ಆದ್ರೂ ತಿರುಗಲಿಲ್ಲ. ನಾ ತಿರುಗಿ ನೋಡಿದ್ರ ಅಂವಾ ನಿಲ್ಲಸ್ತಿದ್ದ.’

ವಿಜಯಾ ಇದನ್ನು ಹೇಳಿ ರೊಟ್ಟಿ ಬಡಿಯಲು ಒಳಗೆ ಹೋದಳು. ನಾನು ಅಲ್ಲೇ ಕುಳಿತೆ. ಆ ಚಳಿಗಾಲದಲ್ಲಿ ನಾನು ಮಾಡಿದ್ದನ್ನೆಲ್ಲ ಒಂದೇ ಮಾತಿನಲ್ಲಿ ಹೇಳಬಹುದಾದರೆ, ನೋಡುತ್ತ ನಿಂತದ್ದು. ಹುಮ್ಮಸ್ಸು ಬಂತೇ, ಇನ್ನೂ ಬರಲಿಲ್ಲವೇ ಎಂದು ಹಾಲಿಟ್ಟ ಒಲೆಯ ಮುಂದೆ ನಿಂತವನಂತೆ ನಿಂತಿದ್ದೆ. ಅವಳಿಗೆ ಬೆನ್ನು ತಿರುಗಿಸಿ ನಿಲ್ಲುವುದು ಗೊತ್ತಿತ್ತು. ಸ್ವಂತ ಮಗ ಮೊದಲ ಸಲ ಪುಟವೊಂದನ್ನು ಮುಗಿಸುವಾಗ ಗೋಡೆಯನ್ನು ನೋಡುತ್ತ ನಿಲ್ಲಲು ಎಂಥ ಗಟ್ಟಿ ಕುತ್ತಿಗೆ ಬೇಕು ಎಂದು ಯೋಚಿಸಿದೆ. ರೊಟ್ಟಿ ಬಡಿಯುವ ಸದ್ದು ನಡುವೆ ಒಂದು ಸಲ ನಿಂತಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು, ಹೊಗೆಗೋ ಏನೋ. ನಮ್ಮದು ಗ್ಯಾಸ್ ಒಲೆ.

ಸಂಗೂ ಮರುದಿನವೂ ಹೋದ, ಅದರ ಮರುದಿನವೂ ಹೋದ. ಆಮೇಲೆ ಹೆಸರು ಹಚ್ಚಿಸಿದೆವು. ಕೆಲ ದಿನಗಳಲ್ಲಿ ಅವನು ತಾನಾಗಿಯೇ ನಾಲ್ಕನೆಯ ತರಗತಿಯ ಕೋಣೆಗೆ ಹೋಗಿ ಕುಳಿತ. ಆ ಶಾಲೆಯಲ್ಲಿ ಕಬಡ್ಡಿ ಆಡಿಸುತ್ತಾರೆ ಎಂದು ಗೊತ್ತಾದ ಮೇಲೆ ಸ್ನೇಹಾ, ‘ಅಂವಾ ಹೋಗ್ತಾನ, ನಾ ಯಾಕ ಮನ್ಯಾಗ ಕುಂದರ್ಲಿ?’ ಎಂದಳು. ಮೊದಲು ಶಾಲೆ ಬಿಡುವಾಗ ಹೇಳಿದ ಮಾತನ್ನೇ ಮಗ್ಗುಲು ಬದಲಿಸಿ ಹೇಳಿದ್ದಳು, ನಾನು ವಾದಕ್ಕೆ ಹೋಗಲಿಲ್ಲ. ಪಲ್ಲವಿಗೆ ಅಲ್ಲಿ ತಾಟಿಗಿಂತ ದೊಡ್ಡ ಗಂಟೆ ಇದೆ ಎಂದು ಗೊತ್ತಾದದ್ದೇ ಸಾಕಾಯಿತು. ಸಂಗೂ ಈಗಲೂ ನಿಧಾನವಾಗಿಯೇ ಓದುತ್ತಾನೆ. ಕೆಲವು ಪದಗಳ ಮುಂದೆ ಇನ್ನೂ ನಿಲ್ಲುತ್ತಾನೆ. ಆದರೆ ನಿಂತಲ್ಲಿಂದ ಹಿಂದಿರುಗಿ ಓಡುವುದಿಲ್ಲ.

ಈಗ ಬೆಳಿಗ್ಗೆ ನಾಲ್ವರೂ ಬಸ್ಸಿಗೆ ಹೋದ ಮೇಲೆ ಮನೆ ಎಷ್ಟು ಸುಮ್ಮನಿರುತ್ತದೆಂದರೆ ಕೆಳಗೆ ಮಕ್ತುಮ್‌ಸಾಬರು ದಾರ ಕಡಿಯುವುದೂ ಕೇಳುತ್ತದೆ. ಬಾಕಿ ಬಿದ್ದ ಆಲ್ಬಂಗಳನ್ನು ಒಂದೊಂದಾಗಿ ಮುಗಿಸಿದೆ. ಒಂದು ಆಲ್ಬಂನ ಗಂಡಹೆಂಡತಿ ಅದನ್ನು ಒಯ್ಯಲು ಸ್ಟುಡಿಯೋಕ್ಕೆ ಬರುವಾಗ ಕೂಸಿನೊಂದಿಗೆ ಬಂದರಂತೆ. ಇಷ್ಟಕ್ಕೇ ಮುಗಿದಿದ್ದರೆ ನನ್ನ ಮರ್ಯಾದೆಯೂ ಅಷ್ಟರಲ್ಲೇ ಉಳಿಯುತ್ತಿತ್ತು.

ಆ ಶಾಲೆಯಲ್ಲಿ ಪಾಲಕರ ಸಭೆ ನಡೆಯಿತು. ಹೆಡ್‌ಮಾಸ್ತರರು ಬಹಳ ಸಜ್ಜನರು. ‘ನಮ್ಮ ಅಕ್ಕೋರ ಮನಿಯವ್ರು ಮೂರು ಮಕ್ಕಳಿಗಿ ತಾವ ಮನ್ಯಾಗ ಕಲಿಸಿದವ್ರು. ಮಕ್ಕಳಿಗಿ ಓದಿನ ಹುರುಪು ಹೆಂಗ ಬರಸಬೇಕಂತ ಅವ್ರು ಎರಡು ಮಾತು ಹೇಳ್ತಾರ’ ಎಂದು ಮೈಕು ನನ್ನ ಕೈಗೆ ಕೊಟ್ಟುಬಿಟ್ಟರು. ನನಗೇನೂ ಗೊತ್ತಿಲ್ಲ ಎಂದು ಹೇಳಿ ಕುಳಿತುಕೊಳ್ಳಬೇಕೆಂದೇ ಎದ್ದೆ. ಆದರೆ ಮುಂದೆ ಅಷ್ಟು ಮಂದಿ ಮುಖವೆತ್ತಿ ಕೂತಿದ್ದರು. ಪ್ರತಿ ಮಗುವಿನೊಳಗೂ ಒಂದು ದೀಪವಿದೆ ಎಂದು ಶುರುಮಾಡಿದೆ. ತಾಳ್ಮೆ ಎಂದೆ, ಪ್ರಯತ್ನ ಎಂದೆ, ನೋಡದೆ ನೋಡಬೇಕು ಎಂದೆ. ಆ ಕೊನೆಯದನ್ನು ಸ್ವಂತ ಅನುಭವವೆಂಬಂತೆ ಬಹಳ ಹೊತ್ತು ವಿವರಿಸಿದೆ. ಹಿಂದಿನ ಸಾಲಿನಲ್ಲಿ ವಿಜಯಾ ಕೈಯಲ್ಲಿದ್ದ ಸೀಮೆಸುಣ್ಣವನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದಳು. ಚಪ್ಪಾಳೆ ಬಿತ್ತು.

ಮಕ್ಕಳು ಇನ್ನೂ ಕಬಡ್ಡಿಯಲ್ಲಿದ್ದರು; ಅವರನ್ನು ಕೊನೆಯ ಬಸ್ಸಿಗೆ ಹತ್ತಿಸಿ ಕಳಿಸುವುದಾಗಿ ಹೆಡ್‌ಮಾಸ್ತರರು ಹೇಳಿದ್ದರಿಂದ, ನಾವಿಬ್ಬರೂ ಟಂಟಂ ಆಟೋ ಹತ್ತಿ ಕುಳಿತೆವು. ವಿಜಯಾ ಕೈಗೆ ಹತ್ತಿದ್ದ ಸೀಮೆಸುಣ್ಣದ ಪುಡಿ ಒರೆಸಿಕೊಂಡಳು. ಆಮೇಲೆ, ‘ಚಲೋ ಮಾತಾಡಿದ್ರಿ. ಯಾರ ಮನ್ಯಾಗ ನಡದಿತ್ತು ಇದೆಲ್ಲಾ?’ ಎಂದಳು. ಅಷ್ಟರಲ್ಲಿ ಎದುರು ಸೀಟಿನಲ್ಲಿದ್ದ ಒಬ್ಬರು ಮುಂದೆ ಬಾಗಿ ಕೈ ಮುಗಿದರು. ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಇದ್ದವರು.

‘ಸರ, ನಿಮ್ಮ ಮಾತು ಬಾಳ ಸೇರಿದ್ವು. ನನಗೂ ಎರಡು ಅದಾವ್ರಿ, ಅವಳಿ. ಸಾಲಿ ಅಂದ್ರ ಅಳ್ತಾವು. ಒಂದೆರಡು ತಿಂಗಳು ನಿಮ್ಮ ಹಂತ್ಯಾಕ ಕಳಸಲೇನ್ರಿ?’

ಬೇಡ ಎ‌ನ್ನಲು ನಾನು ಬಾಯಿ ತೆರೆದೆ. ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಆ ಮನುಷ್ಯ ಮುಗಿದ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ, ಮತ್ತು ನನ್ನನ್ನು ಸರ ಎಂದು ಕರೆದಿದ್ದರು.

‘ಮುಂದಿನ ವಾರ ಕರಕೊಂಡು ಬರ್ರಿ, ನೋಡೋಣು’ ಎಂದೆ.

ವಿಜಯಾ ನನ್ನ ಕಡೆ ತಿರುಗಲಿಲ್ಲ. ಡ್ರೈವರನ ಬೆನ್ನು ತಟ್ಟಿ, ‘ತಮ್ಮಾ, ಇಲ್ಲೇ ಒಂದೀಟು ನಿಲ್ಲಸು. ಈ ಸರ ಒಬ್ಬರು ಇಳಿಯೋರು ಅದಾರ’ ಎಂದಳು.